ಸರ್ವರ್ ಬರುವವರೆಗೆ ಒಂದು ಸುತ್ತು

"ಸರ್ವರ್ ಇಲ್ಲ, ಸ್ವಲ್ಪ ಕೂತಿರಿ" ಎಂದರೆ ಗಿರಾಕಿ ಏನು ಮಾಡುತ್ತಾನೆಂದು ಸೈಬರ್ ಸೆಂಟರ್ ಇಟ್ಟವರಿಗೆಲ್ಲ ಗೊತ್ತು. ಐದು ನಿಮಿಷ ಕೂರುತ್ತಾನೆ, ಎರಡು ಸಲ ಗಡಿಯಾರ ನೋಡುತ್ತಾನೆ, ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿಯೂ ಅದೇ ಸರ್ವರ್. ಆದರೆ ಮತ್ತೆ ವಾಪಸ್ ಬರಲು ಸಂಕೋಚವಾಗಿ ಅಲ್ಲೇ ಕೂತುಬಿಡುತ್ತಾನೆ. ಅರ್ಜಿಯ ದುಡ್ಡು, ಜೆರಾಕ್ಸಿನ ದುಡ್ಡು, ಲ್ಯಾಮಿನೇಷನ್ನಿನ ದುಡ್ಡು ಎಲ್ಲವೂ ಎದುರಿನವನಿಗೆ.

ಚಿಕ್ಕಮಗಳೂರಿನ ಬಸ್ ನಿಲ್ದಾಣದ ಹತ್ತಿರ ಹದಿನಾಲ್ಕು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಇದನ್ನು ತಡೆಯಲು ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಯಾವ ಪ್ರಯೋಜನಕ್ಕೂ ಬಾರದ ಜಾಲತಾಣಗಳನ್ನು ತೆರೆದಿಟ್ಟೆ. "ಕೆಲಸವಿಲ್ಲದವರೆಲ್ಲ ಬಂದು ಕೂರುತ್ತಾರೆ ನೋಡು" ಎಂದಿದ್ದ ಭಾವ ಈಗ ಕಡೂರಿನ ತಮ್ಮ ಅಂಗಡಿಗೆ ನನ್ನ ಪಟ್ಟಿ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ. ಪೂರ್ತಿ ಕೊಟ್ಟಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಹಳೆಯ ಟಿ.ವಿ. ಒಂದಕ್ಕೆ ಆರೂವರೆ ಸಾವಿರ ಕೊಟ್ಟೆ, ಕೇಬಲ್ಲಿಗೆ ತಿಂಗಳಿಗೆ ಮುನ್ನೂರು. ಚುನಾವಣೆಯ ಸಮಯ. ಯಾವ ಚಾನೆಲ್ ಹಾಕಿದರೂ ಅರ್ಧ ಅಂಗಡಿಗೆ ಸಿಟ್ಟು. ಎರಡು ತಿಂಗಳಲ್ಲಿ ಟಿ.ವಿ. ಮನೆಗೆ ಹೋಯಿತು. ಆಮೇಲೆ ಕಾರ್ ಓಡಿಸುವ, ಗುಂಡು ಹೊಡೆಯುವ ಆಟಗಳನ್ನು ಹಾಕಿಟ್ಟೆ. ಶಾಲೆ ಬಿಟ್ಟ ಹುಡುಗರು ಬ್ಯಾಗಿನ ಸಮೇತ ಬಂದು ಕತ್ತಲಾಗುವವರೆಗೆ ಏಳುತ್ತಿರಲಿಲ್ಲ, ಅರ್ಜಿ ಹಾಕಲು ಬಂದವರು ನಿಂತೇ ಇರುತ್ತಿದ್ದರು. ಎರಡು ಮೌಸ್, ಒಂದು ಕೀಬೋರ್ಡ್ ಹಾಳು. ಒಟ್ಟಿನಲ್ಲಿ ಹತ್ತು ಸಾವಿರದ ಆಸುಪಾಸು ನೀರಿಗೆ ಬಿತ್ತು.

ವಿಚಿತ್ರ ಜಾಲತಾಣಗಳ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. 2019ರ ಸುಮಾರಿಗೆ ನಲವತ್ತು ತಾಣಗಳ ಪಟ್ಟಿ ಮಾಡಿ ಆ ಮೂಲೆಗೆ ಹಾಕಿದ್ದೆ, ಅದರಲ್ಲಿ ಮುಕ್ಕಾಲು ಪಾಲು ಫ್ಲ್ಯಾಶಿನಲ್ಲಿ, ಅಂದರೆ ಬ್ರೌಸರಿನೊಳಗೆ ಆಟ, ಚಲಿಸುವ ಚಿತ್ರ ಓಡಿಸುವ ಅಡೋಬಿ ಕಂಪನಿಯ ತಂತ್ರಾಂಶದಲ್ಲಿ ಮಾಡಿದವು. ಮುಂದಿನದು ನಿಮಗೆ ಗೊತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶಿಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದು ಓಡುವುದನ್ನೇ ತಡೆಯಿತು. ಮೂರು ವರ್ಷ ಮುಂಚೆಯೇ ಹೇಳಿದ್ದರು, ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು ನೋಡಿದರೆ ಒಂದೊಂದು ತಾಣವೂ ಬೂದು ಬಣ್ಣದ ಚೌಕ. ನಲವತ್ತರಲ್ಲಿ ಉಳಿದದ್ದು ಒಂಬತ್ತೋ ಹತ್ತೋ.

ಹಾಗೆ ಉಳಿದದ್ದೇ ಒಳ್ಳೆಯದಾಯಿತು. ಯಾವುದರ ಮುಂದೆ ಜನ ಕೂರುತ್ತಾರೆ, ಯಾವುದರಿಂದ ಏಳುತ್ತಾರೆ ಎಂದು ಆಗ ಕಣ್ಣಿಗೆ ಬಿತ್ತು. ಹತ್ತು ಸೆಕೆಂಡಿನೊಳಗೆ ಏನಾದರೂ ಆಗಬೇಕು. ಓದುವುದು ಇರಬಾರದು. ಲಾಗಿನ್, ಒಟಿಪಿ ಎಂದು ಕೇಳಿದರೆ ಮುಗಿಯಿತು, ಅದಕ್ಕಾಗಿಯೇ ಕಾಯುತ್ತ ಕೂತಿರುವ ಮನುಷ್ಯನಿಗೆ ಇನ್ನೊಂದು ಒಟಿಪಿ ಬೇಕೇ? ಮುಖ್ಯವಾಗಿ, ಹೆಸರು ಕನ್ನಡದಲ್ಲಿರಬೇಕು. ಪರದೆಯ ಮೇಲೆ ಆರೇ ಆರು ದೊಡ್ಡ ಚಿತ್ರಗಳನ್ನಿಟ್ಟು ಕೆಳಗೆ 'ಕಿಟಕಿ', 'ಗಾಳಿ', 'ರೇಡಿಯೊ', 'ಬೆರಳು' ಎಂದು ಬರೆದೆ. ಅಲ್ಲಿಯವರೆಗೆ ಮುಟ್ಟಲು ಹೆದರುತ್ತಿದ್ದ ಹೆಂಗಸರು ಅವತ್ತಿನಿಂದ ಮೌಸ್ ಹಿಡಿದರು.

ಯಂತ್ರಕ್ಕೆ ಹೆಚ್ಚು ಖರ್ಚಿಲ್ಲ. ಹಳೆಯ ಡಬ್ಬಕ್ಕೆ ಎಸ್‌ಎಸ್‌ಡಿ ಮತ್ತು ರ್‍ಯಾಮ್ ಸೇರಿ ಎರಡು ಸಾವಿರದ ಎಂಟುನೂರು, ಸೆಕೆಂಡ್ ಹ್ಯಾಂಡ್ ಮಾನಿಟರ್ ಎರಡು ಸಾವಿರ ಚಿಲ್ಲರೆ, ವಿಂಡೋಸ್ ಬದಲಿಗೆ ಹಾಕಿದ ಲಿನಕ್ಸ್ ಮಿಂಟ್ ಬಿಟ್ಟಿ. ಕುರ್ಚಿ ತೆಗೆದು ಬೆನ್ನಿಲ್ಲದ ಸ್ಟೂಲ್ ಹಾಕಿದೆ. ಆಟದ ಹುಡುಗರ ಕಾಟ ಅಲ್ಲಿಗೇ ನಿಂತಿತು.

ಈಗ ತಾಣಗಳ ವಿಷಯ. 'ಬೆರಳು' ಎಂದರೆ ಪಾಯಿಂಟರ್ ಪಾಯಿಂಟರ್. ಬಾಣವನ್ನು ಪರದೆಯಲ್ಲಿ ಎಲ್ಲಿ ನಿಲ್ಲಿಸಿದರೂ ಒಂದು ಫೋಟೊ ಬರುತ್ತದೆ, ಅದರಲ್ಲಿ ಯಾರೋ ಒಬ್ಬರು ಸರಿಯಾಗಿ ಆ ಬಾಣದ ತುದಿಗೇ ಬೆರಳು ತೋರಿಸುತ್ತಿರುತ್ತಾರೆ. ಇಷ್ಟೇ. ಇದಕ್ಕೆ ಯಾರೂ ನಗುವುದಿಲ್ಲವೆಂದು ಭಾವ ಪಂಥ ಕಟ್ಟಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಮೂಲೆಮೂಲೆಗೆ ಬಾಣ ಒಯ್ದು ಇದನ್ನು ಸೋಲಿಸುತ್ತೇನೆಂದು ಇಪ್ಪತ್ತು ನಿಮಿಷ ಹಟ ಹಿಡಿದರು. ಆಗ ಭಾವ ಸೋತ ಮಸಾಲೆ ದೋಸೆ ಇನ್ನೂ ಬಾಕಿ ಇದೆ.

'ಕಿಟಕಿ'ಯು ವಿಂಡೋಸ್ವಾಪ್. 2020ರ ಲಾಕ್‌ಡೌನಿನಲ್ಲಿ ಸಿಂಗಪುರದ ದಂಪತಿ ಮಾಡಿದ್ದು. ಯಾವ್ಯಾವುದೋ ದೇಶದವರು ತಮ್ಮ ಮನೆಯ ಕಿಟಕಿಯಿಂದ ಕಾಣುವುದನ್ನು ಹತ್ತು ನಿಮಿಷ ಚಿತ್ರೀಕರಿಸಿ ಕಳಿಸಿದ್ದಾರೆ. ಹಿಮ, ಬೆಕ್ಕು, ಟ್ರಾಮ್, ಒಗೆದು ಹಾಕಿದ ಬಟ್ಟೆ. ಜುಲೈ ತಿಂಗಳ ಒಂದು ದಿನ ಹೊರಗೆ ಮೂರು ದಿನದಿಂದ ಬಿಡದ ಮಳೆ, ಪರದೆಯಲ್ಲಿಯೂ ಯಾವುದೋ ಊರಿನ ಮಳೆ. ಕೊಡೆ ಮಡಿಸಿ ಒಳಗೆ ಬಂದವರು ನೋಡಿ, "ಅಲ್ಲಪ್ಪ, ಇದನ್ನು ನೋಡಲು ಕರೆಂಟ್ ಬೇರೆ ಸುಡುತ್ತೀಯಾ?" ಎಂದರು. ಹಾಗೆಂದವರೇ ಹತ್ತು ನಿಮಿಷವೂ ನೋಡಿದರು.

'ರೇಡಿಯೊ' ನನ್ನ ಚಿನ್ನದ ಮೊಟ್ಟೆ. ರೇಡಿಯೊ ಗಾರ್ಡನ್ ಎಂಬುದು 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದದ್ದು. ಭೂಗೋಳವನ್ನು ತಿರುಗಿಸಿ ಹಸಿರು ಚುಕ್ಕೆಯ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೊ ಆ ಕ್ಷಣದಲ್ಲಿ ಏನು ನುಡಿಸುತ್ತಿದೆಯೋ ಅದು ಕೇಳಿಸುತ್ತದೆ. ಆಲ್ದೂರಿನ ಕಡೆಯ ತಾಯಿಯೊಬ್ಬರ ಮಗ ಮಸ್ಕತ್‌ನಲ್ಲಿದ್ದಾನೆ. ಹುಡುಕಿ ಕೊಟ್ಟೆ. ಅರಬ್ಬಿಯಲ್ಲಿ ಯಾರೋ ಮಾತಾಡುತ್ತಿದ್ದರು, ಮಧ್ಯೆ ಹಾಡು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅವನಿಗೂ ಈಗ ಇದೇ ಕೇಳಿಸುತ್ತಿರುತ್ತದಾ?" ಎಂದು ಕೇಳಿದರು. ಅವನು ರೇಡಿಯೊ ಹಾಕಿದ್ದರೆ ಹೌದು ಎಂದೆ. ಅವರ ಪ್ರಮಾಣಪತ್ರದ ಕೆಲಸ ಆವತ್ತು ಆಗಲೇ ಇಲ್ಲ. ಮರುದಿನ ಎದುರಿನ ಅಂಗಡಿ ದಾಟಿಕೊಂಡು ನನ್ನಲ್ಲಿಗೇ ಬಂದರು.

'ಗಾಳಿ' ತೋಟದವರಿಗೆ ಮೀಸಲು. ಅರ್ಥ್ ನಲ್‌ಸ್ಕೂಲ್ ತಾಣದಲ್ಲಿ ಇಡೀ ಭೂಮಿಯ ಗಾಳಿ ಬಣ್ಣದ ಎಳೆಗಳಾಗಿ ಹರಿಯುತ್ತದೆ, ಮೂರು ಗಂಟೆಗೊಮ್ಮೆ ಹೊಸ ಅಂದಾಜು. ಜೂನಿನಲ್ಲಿ ಸೊಮಾಲಿಯಾದ ಕರಾವಳಿ ಸವರಿಕೊಂಡು ಅರಬ್ಬಿ ಸಮುದ್ರ ದಾಟಿ ನಮ್ಮ ಘಟ್ಟಕ್ಕೆ ಬಡಿಯುವ ಎಳೆಗಳನ್ನು ಒಮ್ಮೆ ತೋರಿಸಿದರೆ ಸಾಕು, ಕಾಫಿ ಬೆಳೆಗಾರರು ಪಹಣಿ ಮರೆಯುತ್ತಾರೆ. ಮಾರ್ಚಿನಲ್ಲಿ ಮಾತ್ರ ಇದರಿಂದ ತೊಂದರೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಯಾವಾಗ ಬರುತ್ತದೆ ಎಂದು ನನ್ನನ್ನೇ ಕೇಳಲು ಶುರುಮಾಡಿದರು. ಒಮ್ಮೆ ಧೈರ್ಯ ಮಾಡಿ "ಗುರುವಾರ" ಎಂದೆ, ಹನಿಯೂ ಬೀಳಲಿಲ್ಲ. ಆ ಬೆಳೆಗಾರರು ಎರಡು ತಿಂಗಳು ನನ್ನ ಅಂಗಡಿಗೆ ಕಾಲಿಡಲಿಲ್ಲ.

ಐದನೆಯ ತಾಣವಾದ ನೀಲ್ ಡಾಟ್ ಫನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅಲ್ಲಿ ಬಿಲ್ ಗೇಟ್ಸ್ ದುಡ್ಡು ಖರ್ಚು ಮಾಡುವ ಪುಟವಿದೆ, ಕೈಗೆ ಹತ್ತು ಸಾವಿರ ಕೋಟಿ ಡಾಲರ್ ಕೊಟ್ಟು ಏನು ಬೇಕೋ ಕೊಳ್ಳಿ ಎನ್ನುತ್ತದೆ. ಸಾಮಾನಿನ ಪಟ್ಟಿಯಲ್ಲಿ ಆಟೊರಿಕ್ಷಾ ಕೂಡ ಇದೆ, 2,300 ಡಾಲರ್, ಅಂದರೆ ಸುಮಾರು ಎರಡು ಲಕ್ಷ ರೂಪಾಯಿ. ನಿಲ್ದಾಣದ ಆಟೊದವರು ಅದನ್ನು ಕಂಡು "ನನಗೆ ಇದಕ್ಕಿಂತ ಜಾಸ್ತಿ ಬಿತ್ತು" ಎಂದು ಗೇಟ್ಸ್ ಮೇಲೆಯೇ ಸಿಟ್ಟಾದರು. ಕೃಷಿಭೂಮಿ ಎಕರೆಗೆ 3,000 ಡಾಲರ್ ಎಂದಿರುವುದನ್ನು ನೋಡಿದ ಬೆಳೆಗಾರರೊಬ್ಬರು ಆ ರೇಟಿಗೆ ಇಲ್ಲಿ ಬೇಲಿ ಹಾಕಿಸುವುದೂ ಕಷ್ಟ ಎಂದರು.

ಅದೇ ತಾಣದಲ್ಲಿ ವೃತ್ತ ಬರೆಯುವ ಪುಟ. ಚುಕ್ಕೆಯ ಸುತ್ತ ಒಂದೇ ಎಳೆಯಲ್ಲಿ ಸುತ್ತು ಹಾಕಬೇಕು, ಎಷ್ಟು ದುಂಡಗಿದೆಯೆಂದು ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ, ನಿಧಾನ ಮಾಡಿದರೆ ಗದರುತ್ತದೆ. ಎಂಜಿನಿಯರಿಂಗ್ ಹುಡುಗರು ಮೌಸಿನಲ್ಲಿ ಎಂಬತ್ತೈದು, ಎಂಬತ್ತೆಂಟು ತೆಗೆದು ಮೆರೆಯುತ್ತಿದ್ದರು. ಪಿಂಚಣಿ ಕೆಲಸಕ್ಕೆ ಬಂದಿದ್ದ ಮಲ್ಲಂದೂರು ಕಡೆಯ ಅಜ್ಜಿಯನ್ನು "ನೀವೂ ಒಂದು ಸುತ್ತು ಹಾಕಿ ಅಜ್ಜಿ" ಎಂದು ಕೂರಿಸಿದೆ. ಅರವತ್ತು ಚಿಲ್ಲರೆ ಬಂತು. "ಇದನ್ನು ಹಿಡಿದರೆ ಕೈ ಕಟ್ಟಿಹಾಕಿದ ಹಾಗೆ ಇದೆ" ಎಂದು ಮೌಸ್ ಬಿಟ್ಟರು. ನನ್ನ ಮೊಬೈಲಿನಲ್ಲಿ ಪುಟ ತೆರೆದು ಕೊಟ್ಟೆ. ಅವರು ಅದನ್ನು ಮೇಜಿನ ಮೇಲೂ ಇಡಲಿಲ್ಲ, ನೆಲದ ಮೇಲಿಟ್ಟು, ಮುಂಗೈ ಎಲ್ಲಿಯೂ ತಾಗದಂತೆ ಎತ್ತಿ, ತುದಿಗಾಲಲ್ಲಿ ಕೂತು ಒಂದೇ ಬೀಸಿಗೆ ಎಳೆದರು. ತೊಂಬತ್ತಾರು ಮೇಲೆ ಏನೋ. ಹುಡುಗರು ಸದ್ದಡಗಿದರು. ಅಜ್ಜಿ ಅಂಕದ ಕಡೆ ನೋಡಲೇ ಇಲ್ಲ. "ಎರಡು ತುದಿ ಕೂಡಿಕೊಂಡಿತಾ?" ಎಂದಷ್ಟೇ ಕೇಳಿದರು. ಮನೆ ಮುಂದೆ ಐವತ್ತು ವರ್ಷ ರಂಗೋಲಿ ಹಾಕಿದ ಕೈ.

ಆ ಹುರುಪಿನಲ್ಲಿ ಮೂರೂವರೆ ಸಾವಿರಕ್ಕೆ ಹಳೆಯ ಟ್ಯಾಬ್ ತಂದೆ. ಮಳೆಗಾಲದಲ್ಲಿ ಒದ್ದೆ ಬೆರಳು ಮುಟ್ಟಿದರೆ ಗೆರೆ ಹರಿದು ಹರಿದು ಬರುತ್ತದೆ. ಕೈ ಒರೆಸಲು ಪಕ್ಕದಲ್ಲಿ ಒಂದು ಟವೆಲ್ ನೇತು ಹಾಕಿದ್ದೇನೆ, ಈಗಾಗಲೇ ಮೂರು ಟವೆಲ್ ಕಳುವಾಗಿವೆ.

ಕೈಸುಟ್ಟುಕೊಂಡದ್ದನ್ನೂ ಹೇಳಿಬಿಡುತ್ತೇನೆ. ಗುಂಡಿ ಒತ್ತಿದರೆ ತನಗೆ ತೋಚಿದ ತಾಣಕ್ಕೆ ಎಸೆಯುವಂಥವನ್ನು ಅಂಗಡಿಯಲ್ಲಿ ಇಡಬೇಡಿ. ಎಲ್ಲಿಗೆ ಎಸೆಯುತ್ತದೋ ದೇವರಿಗೇ ಗೊತ್ತು. ನಮ್ಮಲ್ಲಿ ಒಂದು ಸಲ ಪರದೆಯೆಲ್ಲ ಮಿಂಚಿ ಕಿರುಚಿಕೊಂಡಿತು, ಮಗು ಎತ್ತಿಕೊಂಡಿದ್ದ ಹೆಂಗಸು ಬೆಚ್ಚಿಬಿದ್ದರು. ಮನಸ್ಸಿನಲ್ಲಿರುವ ವ್ಯಕ್ತಿಯನ್ನು ಪ್ರಶ್ನೆ ಕೇಳಿ ಊಹಿಸುವ ಅಕಿನೇಟರ್ ಬಹಳ ಚೆನ್ನಾಗಿದೆ, ಆದರೆ ಒಂದೊಂದು ಪ್ರಶ್ನೆಯನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಗಿ ಬಂದು ನನ್ನ ಕೌಂಟರ್ ಕೆಲಸ ಕೆಟ್ಟಿತು. ತೆಗೆದುಹಾಕಿದೆ.

ಇನ್ನೊಂದು ಅಡ್ಡಪ್ರಯೋಗ. ಮಿಲಿಯನ್ ಡಾಲರ್ ಹೋಮ್‌ಪೇಜ್ ನೋಡಿರುತ್ತೀರಿ. 2005ರಲ್ಲಿ ಅಲೆಕ್ಸ್ ಟ್ಯೂ ಎಂಬ ಇಂಗ್ಲೆಂಡಿನ ಇಪ್ಪತ್ತೊಂದರ ಹುಡುಗ ಒಂದು ಪುಟದ ಹತ್ತು ಲಕ್ಷ ಪಿಕ್ಸೆಲ್‌ಗಳನ್ನು, ಅಂದರೆ ಪರದೆಯ ಸಣ್ಣ ಚುಕ್ಕೆಗಳನ್ನು, ಜಾಹೀರಾತಿಗೆಂದು ಒಂದೊಂದು ಡಾಲರಿಗೆ ಮಾರಿದ. ಕೊನೆಯ ಸಾವಿರವನ್ನು ಹರಾಜು ಹಾಕಿ ಅದಕ್ಕೇ 38,100 ಡಾಲರ್ ತೆಗೆದ. ನಾನೂ ಒಂದು ಪ್ಲೈವುಡ್ ಹಲಗೆಯ ಮೇಲೆ ಇನ್ನೂರು ಚೌಕ ಗೆರೆ ಎಳೆದು, ಚೌಕಕ್ಕೆ ಇಪ್ಪತ್ತು ರೂಪಾಯಿಯಂತೆ ಬೀದಿಯ ಅಂಗಡಿಯವರಿಗೆ ಮಾರಲು ಹೊರಟೆ. ಅರವತ್ತು ಚಿಲ್ಲರೆ ಹೋದವು. ಹಲಗೆ, ಬಣ್ಣಕ್ಕೆ ನಾನೂರೈವತ್ತು. ಬೇಕರಿಯವರು ನಾಲ್ಕು ಚೌಕ ಹಿಡಿದು ದುಡ್ಡಿನ ಬದಲು ಬನ್ ಕೊಟ್ಟರು. ಹರಾಜಿನವರೆಗೆ ಹೋಗಲಿಲ್ಲ.

ಲಾಭದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲು ಕಾಯುವ ಹತ್ತು ಜನರಲ್ಲಿ ನಾಲ್ಕೈದು ಮಂದಿ ಎದ್ದು ಹೋಗುತ್ತಿದ್ದರು, ಈಗ ಒಬ್ಬರೋ ಇಬ್ಬರೋ. ತಿಂಗಳಿಗೆ ಐದಾರು ಸಾವಿರ ಹೆಚ್ಚಿಗೆ ಬರುತ್ತಿದೆ. ಮಳೆಗಾಲದಲ್ಲಿ ಯುಪಿಎಸ್ ಬ್ಯಾಟರಿ ಅದರಲ್ಲಿ ಸ್ವಲ್ಪ ತಿನ್ನುತ್ತದೆ.

ಆರರಲ್ಲಿ ಐದು ಹೇಳಿದ್ದೇನೆ. ಆರನೆಯದು ಯಾವುದು, ಯಾರೂ ಮುಟ್ಟದಿದ್ದಾಗ ಪರದೆ ತಾನಾಗಿ ಮೊದಲ ಪುಟಕ್ಕೆ ಮರಳುವಂತೆ ಹೇಗೆ ಮಾಡಿದೆ, ಇವೆರಡನ್ನು ಭಾವನಿಗೂ ಹೇಳಿಲ್ಲ. ಎದುರಿನವನೂ ಹೋದ ವಾರ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟಿದ್ದಾನೆ. ಅದರಲ್ಲಿ ಸಿನಿಮಾ ಹಾಡು ಹಾಕಿದ್ದಾನಂತೆ. ಹಾಕಲಿ.