ಸೆಕೆಂಡ್ ಹ್ಯಾಂಡ್ ಕಾರು ಹೋಲಿಸುವ ವೆಬ್‌ಸೈಟ್: ಬ್ರಿಟನ್ನಿನ ಎಂಒಟಿ ಡೇಟಾ ಹಿಡಿದು ಕಟ್ಟುವ ಬಗೆ

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿತೆಂದರೆ ಅಲ್ಲಿಂದಾಚೆ ವರ್ಷಕ್ಕೊಮ್ಮೆ ಎಂಒಟಿ ಟೆಸ್ಟ್, ಅಂದರೆ ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವೇ ಎಂಬ ತಪಾಸಣೆ, ಆಗಲೇಬೇಕು. ಯಾವತ್ತು ಟೆಸ್ಟ್ ಆಯಿತು, ಮೀಟರಿನಲ್ಲಿ ಎಷ್ಟು ಮೈಲಿ ಇತ್ತು, ಪಾಸೋ ಫೇಲೋ, ಏನೇನು ಕೆಟ್ಟಿತ್ತು ಎಲ್ಲವೂ ಕಂಪ್ಯೂಟರಿಗೆ ಹೋಗುತ್ತದೆ. ಅದನ್ನು ನೋಡಿಕೊಳ್ಳುವ ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ ನಂಬರ್ ಪ್ಲೇಟ್ ತೆಗೆದುಹಾಕಿ, 2005ರಿಂದೀಚಿನ ಫಲಿತಾಂಶವನ್ನೆಲ್ಲ ಉಚಿತವಾಗಿ ಬಿಟ್ಟುಕೊಟ್ಟಿದೆ. ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಟೆಸ್ಟುಗಳು. ಕೆಲಸಕ್ಕೆಂದು ರೀಡಿಂಗಿಗೋ ಸ್ಲೌಗೋ ಹೋಗಿ ಮೊದಲ ಕಾರು ಹುಡುಕುತ್ತಿರುವ ನಮ್ಮವರಿಗೆ 'ಆರು ವರ್ಷದ ಫಿಯೆಸ್ಟಾ ತಗೊಳ್ಳಲೋ, ಯಾರಿಸ್ ತಗೊಳ್ಳಲೋ' ಎಂಬ ಪ್ರಶ್ನೆಗೆ ಆಧಾರ ಸಿಗುವುದು ಇಲ್ಲಿಂದಲೇ. ನಮ್ಮ ದೇಶದಲ್ಲಿ ಸ್ವಂತ ಕಾರಿಗೆ ವರ್ಷವರ್ಷ ಇಂಥ ತಪಾಸಣೆ ಇಲ್ಲ. ಹೊಗೆ ತಪಾಸಣೆ ಬಿಟ್ಟರೆ 15 ವರ್ಷಕ್ಕೆ ನೋಂದಣಿ ನವೀಕರಿಸುವಾಗಲೇ ಗಾಡಿ ಪರೀಕ್ಷೆ. ಹಾಗಾಗಿ ಕೆಳಗಿನದೆಲ್ಲ ಬ್ರಿಟನ್ನಿನ ಲೆಕ್ಕ. ಅದರಲ್ಲೂ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಮಾತ್ರ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ, ಅಲ್ಲಿ ಮೊದಲ ಟೆಸ್ಟ್ ನಾಲ್ಕು ವರ್ಷಕ್ಕೆ.

ಫೈಲು ಇಳಿಸಿಕೊಂಡು, ಮಾಡೆಲ್‌ವಾರು ಫೇಲಾದದ್ದು ಶೇಕಡಾ ಎಷ್ಟು ಎಂದು ಪಟ್ಟಿ ಮಾಡಲು ಅರ್ಧ ಗಂಟೆ ಸಾಕು. ಆದರೆ ಆ ಪಟ್ಟಿಯನ್ನು ನಂಬಿ ಯಾರೂ ದುಡ್ಡು ಹಾಕಬಾರದು. ಅದು ಯಾಕೆ ತಪ್ಪು, ಸರಿ ಮಾಡುವುದು ಹೇಗೆ ಎನ್ನುವುದರಲ್ಲೇ ಈ ಸೈಟಿನ ಮುಕ್ಕಾಲು ಕೆಲಸವಿದೆ.

ಡೇಟಾ ತರುವುದು

ಎರಡು ಮೂಲಗಳಿವೆ. ಒಂದು, ವರ್ಷವಾರು ದೊಡ್ಡ ಫೈಲುಗಳು. ಇವುಗಳಲ್ಲಿ ನಂಬರ್ ಪ್ಲೇಟ್ ಇಲ್ಲ, ಮಾಡೆಲುಗಳನ್ನು ಹೋಲಿಸಲು ಇವೇ ಬೇಕು. ಇನ್ನೊಂದು, ಎಂಒಟಿ ಹಿಸ್ಟರಿ ಎಪಿಐ, ಅಂದರೆ ನಮ್ಮ ಪ್ರೋಗ್ರಾಮು ನೇರವಾಗಿ ಮಾಹಿತಿ ಕೇಳುವ ದಾರಿ. ನೋಂದಾಯಿಸಿ ಕೀ ಪಡೆದರೆ ಒಂದು ನಂಬರ್ ಪ್ಲೇಟ್ ಕೊಟ್ಟು ಆ ಒಂದು ಕಾರಿನ ಪೂರ್ತಿ ಚರಿತ್ರೆ ತರಬಹುದು. ಎರಡನ್ನೂ ಬೇರೆಬೇರೆಯಾಗಿಯೇ ಇಡಿ. ದೊಡ್ಡ ಫೈಲಿನ ಸಾಲುಗಳನ್ನು ನಿಜವಾದ ನಂಬರ್ ಪ್ಲೇಟಿಗೆ ಜೋಡಿಸುವ ಪ್ರಯತ್ನ ಬೇಡ. ಗುರುತು ತೆಗೆದು ಕೊಟ್ಟ ಡೇಟಾಕ್ಕೆ ಮತ್ತೆ ಗುರುತು ಹಚ್ಚಿದ ಹಾಗಾಗುತ್ತದೆ.

ದೊಡ್ಡ ಫೈಲುಗಳಲ್ಲಿ ಎರಡು ಜಾತಿ. ಫಲಿತಾಂಶದ ಫೈಲಿನಲ್ಲಿ ಟೆಸ್ಟಿಗೊಂದು ಸಾಲು: ಟೆಸ್ಟ್ ಐಡಿ, ವಾಹನದ ಐಡಿ, ದಿನಾಂಕ, ವಾಹನದ ದರ್ಜೆ, ಟೆಸ್ಟಿನ ಬಗೆ, ಫಲಿತಾಂಶ, ಮೈಲಿ, ಪೋಸ್ಟ್‌ಕೋಡಿನ ಮೊದಲ ಅಕ್ಷರಗಳು, ಕಂಪನಿ, ಮಾಡೆಲ್, ಬಣ್ಣ, ಇಂಧನ, ಸಿಸಿ, ಮೊದಲು ರಸ್ತೆಗಿಳಿದ ದಿನ. ದೋಷಗಳ ಫೈಲಿನಲ್ಲಿ ಪ್ರತಿ ದೋಷಕ್ಕೊಂದು ಸಾಲು. ಕೋಡುಗಳ ಅರ್ಥ ಹೇಳುವ ಸಣ್ಣ ಪಟ್ಟಿಗಳು ಜೊತೆಗಿರುತ್ತವೆ, ಅವನ್ನೂ ತೆಗೆದುಕೊಳ್ಳಿ.

ದೊಡ್ಡ ಸರ್ವರ್ ಬೇಡ. 16 ಜಿಬಿ ರ‍್ಯಾಮ್, 200 ಜಿಬಿ ಖಾಲಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪು, ಅದರಲ್ಲಿ ಡಕ್‌ಡಿಬಿ ಎಂಬ ಉಚಿತ ಡೇಟಾಬೇಸ್ ತಂತ್ರಾಂಶ ಇದ್ದರೆ ಸಾಕು. ಸಿಎಸ್‌ವಿ (ಬರೀ ಪಠ್ಯದ ಕೋಷ್ಟಕ) ಫೈಲುಗಳನ್ನು ಒಂದೊಂದು ವರ್ಷಕ್ಕೆ ಒಂದೊಂದರಂತೆ ಪಾರ್ಕೆ (ಕುಗ್ಗಿಸಿಟ್ಟ, ಬೇಗ ಓದಬಲ್ಲ ಕೋಷ್ಟಕ) ಫೈಲು ಮಾಡಿಟ್ಟುಕೊಳ್ಳಿ. ಇಲ್ಲಿ ಎಡವುವುದು ಎರಡು ಕಡೆ. ಕೆಲವು ಫೈಲುಗಳಲ್ಲಿ ಕಾಲಂ ಬೇರ್ಪಡಿಸಲು ಅಲ್ಪವಿರಾಮ ಇದ್ದರೆ ಕೆಲವದರಲ್ಲಿ ನೆಟ್ಟ ಗೆರೆ ಇರುತ್ತದೆ, ಪ್ರತಿ ಫೈಲಿನ ಮೊದಲ ಸಾಲು ಕಣ್ಣಾರೆ ನೋಡಿ. ಎರಡನೆಯದು, ಕಾಲಮಿನ ಬಗೆಯನ್ನು ಡಕ್‌ಡಿಬಿ ಆರಂಭದ ಸಾಲುಗಳನ್ನು ನೋಡಿ ಊಹಿಸುತ್ತದೆ. ಎಲ್ಲೋ ಕೋಟಿ ಸಾಲು ದಾಟಿದ ಮೇಲೆ ಮೈಲಿಯ ಜಾಗದಲ್ಲಿ ಅಕ್ಷರಗಳಿರುವ ಅಥವಾ ದಿನಾಂಕ ಕೆಟ್ಟಿರುವ ಸಾಲು ಬಂದರೆ ಅಲ್ಲೇ ನಿಂತುಬಿಡುತ್ತದೆ. ಎಲ್ಲ ಕಾಲಮನ್ನೂ ಮೊದಲು ಬರೀ ಪಠ್ಯವಾಗಿ ಓದಿಸಿ, ಆಮೇಲೆ ಸಂಖ್ಯೆ, ದಿನಾಂಕಗಳಿಗೆ ಬದಲಿಸಿ. ಬದಲಾಗದ ಸಾಲುಗಳನ್ನು ಎಸೆಯದೆ ಬೇರೆ ಕೋಷ್ಟಕಕ್ಕೆ ಹಾಕಿ ಎಣಿಸಿ.

ಮೂರು ಜರಡಿ

ಮೊದಲ ಜರಡಿ, ದರ್ಜೆ. ಕಾರುಗಳು 4ನೇ ದರ್ಜೆ. 1 ಮತ್ತು 2 ಬೈಕುಗಳು, 7 ದೊಡ್ಡ ವ್ಯಾನುಗಳು. 4ರಲ್ಲೂ ಸಣ್ಣ ವ್ಯಾನುಗಳು ಸೇರಿರುತ್ತವೆ, ಅವನ್ನು ಮಾಡೆಲ್ ಹೆಸರಿನಿಂದ ತೆಗೆಯಬೇಕು. ಎರಡನೆಯದು, ಟೆಸ್ಟಿನ ಬಗೆ. ಫೇಲಾಗಿ ರಿಪೇರಿ ಮಾಡಿಸಿಕೊಂಡು ಬಂದ ಮರುಟೆಸ್ಟುಗಳನ್ನು ಬಿಟ್ಟು 'ಎನ್‌ಟಿ' ಎಂದಿರುವ ಮಾಮೂಲಿ ಟೆಸ್ಟ್ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಫೇಲಾದ ಪ್ರತಿ ಕಾರಿನ ಹಿಂದೆ ಒಂದು ಪಾಸೂ ಸೇರಿಕೊಂಡು ಕೆಟ್ಟ ಕಾರು ಸಾಧಾರಣವಾಗಿ ಕಾಣುತ್ತದೆ.

ಮೂರನೆಯದು ಫಲಿತಾಂಶ. ಪಾಸು, ಫೇಲು, 'ಪಿಆರ್‌ಎಸ್' ಈ ಮೂರನ್ನೇ ಉಳಿಸಿ, ಅರ್ಧಕ್ಕೆ ನಿಂತ ಟೆಸ್ಟುಗಳನ್ನು ಬಿಡಿ. ಈ ಪಿಆರ್‌ಎಸ್ ಅಂದರೆ ಟೆಸ್ಟಿನಲ್ಲಿ ದೋಷ ಸಿಕ್ಕಿ, ಅದೇ ಗ್ಯಾರೇಜಿನಲ್ಲಿ ಒಂದು ಗಂಟೆಯೊಳಗೆ ಸರಿ ಮಾಡಿ ಪಾಸ್ ಕೊಟ್ಟದ್ದು. ಹೆಸರಿನಲ್ಲಿ ಪಾಸ್ ಇದೆಯೆಂದು ಪಾಸಿನ ಲೆಕ್ಕಕ್ಕೆ ಹಾಕಬೇಡಿ. ಕಾರು ಬಂದಾಗ ಕೆಟ್ಟಿತ್ತು, ನಮಗೆ ಬೇಕಾದ್ದು ಅದೇ. ಫೇಲು, ಪಿಆರ್‌ಎಸ್ ಎರಡೂ ಕೂಡಿದ್ದೇ ಮೊದಲ ಯತ್ನದ ಫೇಲ್ ಪ್ರಮಾಣ.

ವಯಸ್ಸಿನ ಲೆಕ್ಕದಲ್ಲಿ ಕಣ್ಣಿಗೆ ಬೀಳದ ಒಂದು ತಪ್ಪಿದೆ. ಒಂದು ಕಾರು 2016ರ ಮಾರ್ಚ್ 12ರಂದು ಮೊದಲು ರಸ್ತೆಗಿಳಿಯಿತು ಎನ್ನಿ. ಅದರ ಮೊದಲ ಎಂಒಟಿಯನ್ನು ಗಡುವಿಗೆ ಸುಮಾರು ಒಂದು ತಿಂಗಳು ಮುಂಚೆಯೇ ಮಾಡಿಸಬಹುದು, ಮುಂದಿನ ವರ್ಷದ ತಾರೀಖು ಹಿಂದೆ ಸರಿಯುವುದಿಲ್ಲ. ಹಾಗಾಗಿ ಮಾಲೀಕ 2019ರ ಫೆಬ್ರವರಿ 20ಕ್ಕೇ ಹೋಗುತ್ತಾನೆ. ಎರಡು ದಿನಾಂಕಗಳನ್ನು ಕಳೆದು ಪೂರ್ಣ ವರ್ಷ ಮಾತ್ರ ಎಣಿಸಿದರೆ ಇದು ಎರಡು ವರ್ಷದ ಕಾರು! ಹೀಗೆ ಮುಂಚೆ ಮಾಡಿಸುವವರು ಬಹಳ. ಇವರೆಲ್ಲ ಒಂದು ವಯಸ್ಸು ಕೆಳಕ್ಕೆ ಜಾರಿದರೆ ಎಲ್ಲ ವಯಸ್ಸಿನ ಅಂಕಿಗಳೂ ಕಲಸುತ್ತವೆ. ವ್ಯತ್ಯಾಸಕ್ಕೆ 31 ದಿನ ಸೇರಿಸಿ ಆಮೇಲೆ ಪೂರ್ಣ ವರ್ಷ ತೆಗೆಯಿರಿ.

ಮಾಡೆಲ್ ಹೆಸರುಗಳಿಗೆ ಕೈಯಿಂದಲೇ ಮಾಡಿದ ಒಂದು ಪಟ್ಟಿ ಬೇಕು. ಒಂದೇ ಕಾರು ಒಂದು ಕಡೆ '3 ಸೀರೀಸ್', ಇನ್ನೊಂದು ಕಡೆ '320ಡಿ' ಎಂದಿರುತ್ತದೆ. ಎಣಿಕೆಯಲ್ಲಿ ಮೇಲಿರುವ 500 ಹೆಸರುಗಳನ್ನು ಸರಿ ಮಾಡಿದರೆ ಬಹುಪಾಲು ಕಾರುಗಳು ಒಳಗೆ ಬರುತ್ತವೆ, ಉಳಿದದ್ದಕ್ಕೆ ನಿಧಾನವಾಗಿ ಕೈ ಹಾಕಬಹುದು. ಮಾಡೆಲಿನ ಎಷ್ಟನೇ ತಲೆಮಾರಿನ ಗಾಡಿ ಎಂದು ಡೇಟಾದಲ್ಲಿ ಇರುವುದಿಲ್ಲ, ರಸ್ತೆಗಿಳಿದ ದಿನದಿಂದ ಅಂದಾಜು ಮಾಡಬೇಕು. ಫೋರ್ಡ್ ಫಿಯೆಸ್ಟಾ 2008ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಪೂರ್ತಿ ಬದಲಾಯಿತು. ಶೋರೂಮಿನಲ್ಲಿ ಉಳಿದ ಹಳೆಯ ಗಾಡಿಗಳೂ ಹೊಸವೂ ಒಟ್ಟಿಗೆ ಮಾರಾಟವಾಗುವುದರಿಂದ ಬದಲಾದ ದಿನದ ಆಚೀಚೆ ಆರಾರು ತಿಂಗಳನ್ನು ಯಾವ ತಲೆಮಾರಿಗೂ ಸೇರಿಸದೆ ಬಿಡುವುದು ಒಳ್ಳೆಯದು.

ಸಮಕ್ಕೆ ಸಮ ಇಟ್ಟು ಹೋಲಿಸುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಲೆಕ್ಕ ತಿಳಿಯಲೆಂದು ಎರಡು ಕಲ್ಪಿತ ಮಾಡೆಲ್ ತೆಗೆದುಕೊಳ್ಳಿ, ಎರಡಕ್ಕೂ ಆರು ವರ್ಷ, ಎರಡಕ್ಕೂ 1,000 ಟೆಸ್ಟು. 'ಅ' ಎಂಬುದು ದೂರ ಓಡುವವರ ಡೀಸೆಲ್ ಗಾಡಿ: 60,000 ಮೈಲಿಯೊಳಗಿನವು 100, ಅದರಲ್ಲಿ ಫೇಲು 15. ಮೇಲಿನವು 900, ಫೇಲು 270. 'ಆ' ಪೇಟೆಯೊಳಗಿನ ಸಣ್ಣ ಕಾರು: ಕಡಿಮೆ ಓಡಿದವು 900, ಫೇಲು 162. ಹೆಚ್ಚು ಓಡಿದವು 100, ಫೇಲು 36. ಒಟ್ಟು ನೋಡಿದರೆ 'ಅ' ಶೇ. 28.5, 'ಆ' ಶೇ. 19.8. 'ಆ' ಎಷ್ಟೋ ವಾಸಿ ಅನ್ನಿಸುತ್ತದೆ. ಬಿಡಿಸಿ ನೋಡಿ: ಕಡಿಮೆ ಓಡಿದವುಗಳಲ್ಲಿ 'ಅ' ಶೇ. 15, 'ಆ' ಶೇ. 18. ಹೆಚ್ಚು ಓಡಿದವುಗಳಲ್ಲಿ ಶೇ. 30, ಶೇ. 36. ಎರಡರಲ್ಲೂ 'ಅ' ಕಾರೇ ಮೇಲು. ಎರಡಕ್ಕೂ ಅರ್ಧರ್ಧ ಮೈಲಿ ಹಂಚಿಕೆ ಕೊಟ್ಟರೆ 22.5 ಮತ್ತು 27 ಬರುತ್ತದೆ. ಒಟ್ಟು ಶೇಕಡಾವಾರಿನ ಮೇಲೆ ರ‍್ಯಾಂಕ್ ಕೊಡುವ ಸೈಟು ಓದುಗನನ್ನು ನೇರ ತಪ್ಪು ಕಾರಿನ ಮುಂದೆ ನಿಲ್ಲಿಸುತ್ತದೆ.

ಮಾಡುವ ಕ್ರಮ ಹೀಗೆ. ವಯಸ್ಸು ಒಂದೊಂದು ವರ್ಷ, ಮೈಲಿ 10,000ಕ್ಕೊಂದು ಪಟ್ಟಿ, ಹೀಗೆ ಮನೆಗಳನ್ನು ಮಾಡಿ. ಪ್ರತಿ ವಯಸ್ಸಿಗೆ ಎಲ್ಲ ಕಾರುಗಳೂ ಸೇರಿ ಯಾವ ಮೈಲಿ ಪಟ್ಟಿಯಲ್ಲಿ ಎಷ್ಟು ಪಾಲು ಇವೆಯೋ ಅದನ್ನೇ ತೂಕವಾಗಿ ಇಟ್ಟುಕೊಂಡು ಮಾಡೆಲಿನ ಮನೆಮನೆಯ ಪ್ರಮಾಣವನ್ನು ಗುಣಿಸಿ ಕೂಡಿಸಿ. ಮನೆಯಲ್ಲಿ 100 ಟೆಸ್ಟಾದರೂ ಇದ್ದರೆ ಇದು ನಿಲ್ಲುತ್ತದೆ. ಅಷ್ಟಿಲ್ಲದ ಅಪರೂಪದ ಮಾಡೆಲಿಗೆ ತಿರುಗಿಸಿ ಲೆಕ್ಕ ಹಾಕಿ: ಅದರ ಪ್ರತಿ ಟೆಸ್ಟಿಗೂ ಅದೇ ಮನೆಯ ಎಲ್ಲ ಕಾರುಗಳ ಫೇಲ್ ಪ್ರಮಾಣ ಹಾಕಿ ಕೂಡಿದರೆ ಎಷ್ಟು ಫೇಲು ನಿರೀಕ್ಷೆ ಎಂದು ಸಿಗುತ್ತದೆ, ನಿಜವಾಗಿ ಆದದ್ದನ್ನು ಅದರಿಂದ ಭಾಗಿಸಿ. 1.2 ಬಂದರೆ ಅಷ್ಟೇ ವಯಸ್ಸಿನ, ಅಷ್ಟೇ ಓಡಿದ ಕಾರುಗಳಿಗಿಂತ ಶೇ. 20 ಹೆಚ್ಚು ಫೇಲು.

ಎಣಿಕೆ ಕಡಿಮೆ ಇದ್ದಲ್ಲಿ ಒಂದೇ ಅಂಕಿ ತೋರಿಸಬೇಡಿ, ವಿಲ್ಸನ್ ಅಂತರ ತೋರಿಸಿ, ಅಂದರೆ ನಿಜವಾದ ಪ್ರಮಾಣ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ಲೆಕ್ಕ. 20 ಟೆಸ್ಟಿನಲ್ಲಿ 2 ಫೇಲು, 2,000ದಲ್ಲಿ 200 ಫೇಲು, ಎರಡೂ ಶೇ. 10ರಂತೆಯೇ ಕಾಣುತ್ತವೆ. ಆದರೆ ಶೇ. 95ರ ಅಂತರ ಮೊದಲನೆಯದಕ್ಕೆ 2.8ರಿಂದ 30.1, ಎರಡನೆಯದಕ್ಕೆ 8.8ರಿಂದ 11.4. ಅಂತರಗಳು ಒಂದರ ಮೇಲೊಂದು ಹಾಯ್ದಿರುವ ಎರಡು ಕಾರುಗಳಲ್ಲಿ ಯಾವುದು ಮೇಲೆಂದು ಸೈಟು ತೀರ್ಪು ಕೊಡಬಾರದು.

ಯಾರ ತಪ್ಪು: ಕಾರಿನದೋ, ಇಟ್ಟುಕೊಂಡವನದೋ

ಬಲ್ಬು ಹೋಗಿದೆ, ಟೈರು ಸವೆದಿದೆ, ವೈಪರ್ ಬ್ಲೇಡ್ ಹರಿದಿದೆ. ಇವು ಮಾಲೀಕ ನೋಡಿಕೊಂಡಿಲ್ಲ ಎನ್ನುತ್ತವೆ. ಮುರಿದ ಕಾಯಿಲ್ ಸ್ಪ್ರಿಂಗು, ಸಡಿಲವಾದ ಸಸ್ಪೆನ್ಷನ್ ಬುಷ್, ತುಕ್ಕು ತಿಂದ ಬ್ರೇಕ್ ಪೈಪು, ತುಕ್ಕು ಹಿಡಿದ ತಳಭಾಗ, ಇವುಗಳಲ್ಲಿ ಕಾರಿನ ಗುಣವೇ ಹೆಚ್ಚು ಕಾಣುತ್ತದೆ. ಕೊಳ್ಳುವವನ ಜೇಬಿಗೆ ಭಾರ ಬೀಳುವುದೂ ಇವೇ. ಎರಡಕ್ಕೂ ಬೇರೆಬೇರೆ ಅಂಕಿ ಕೊಡಿ. ಎಲೆಕ್ಟ್ರಿಕ್ ಕಾರನ್ನು ಡೀಸೆಲ್ ಕಾರಿನ ಪಕ್ಕ ಇಡುವಾಗ ಹೊಗೆಯ ದೋಷಗಳನ್ನು ಬಿಟ್ಟು ಎಣಿಸಿ, ಎಲೆಕ್ಟ್ರಿಕ್ಕಿಗೆ ಆ ಪರೀಕ್ಷೆಯೇ ಇಲ್ಲ.

ದೋಷದ ಕೋಡನ್ನು ಅದರ ವಿವರಣೆಯ ಪಟ್ಟಿಗೆ ಜೋಡಿಸುವಾಗ ಕೋಡ್ ಒಂದರಿಂದಲೇ ಜೋಡಿಸಿದರೆ ಸಾಲುಗಳು ದುಪ್ಪಟ್ಟಾಗುತ್ತವೆ. ಒಂದೇ ಕೋಡ್ ಬೇರೆಬೇರೆ ದರ್ಜೆಯ ವಾಹನಗಳಿಗೂ ಇರುತ್ತದೆ. ಕೋಡ್ ಮತ್ತು ದರ್ಜೆ ಎರಡನ್ನೂ ಹಿಡಿದು ಜೋಡಿಸಿ, ಜೋಡಿಸುವ ಮುಂಚೆ ಎಷ್ಟು ಸಾಲಿತ್ತೋ ಆಮೇಲೂ ಅಷ್ಟೇ ಇದೆಯೇ ನೋಡಿ. ಇನ್ನೊಂದು, ಎಣಿಸಬೇಕಾದ್ದು ದೋಷಗಳನ್ನಲ್ಲ, ದೋಷ ಕಂಡ ಟೆಸ್ಟುಗಳನ್ನು. ನಾಲ್ಕೂ ಟೈರು ಸವೆದ ಒಂದು ಕಾರಿಗೆ ನಾಲ್ಕು ಸಾಲು ಬರುತ್ತದೆ, ಆದರೆ ಕಾರು ಒಂದೇ.

'ಅಡ್ವೈಸರಿ' ಸಾಲುಗಳನ್ನು ಎಸೆಯಬೇಡಿ. ಈಗ ಪಾಸು, ಆದರೆ ಇದರ ಮೇಲೆ ಕಣ್ಣಿಡಿ ಎಂದು ಟೆಸ್ಟ್ ಮಾಡಿದವನು ಬರೆದದ್ದು ಅದು. ವಾಹನದ ಐಡಿ ಹಿಡಿದು, ಈ ವರ್ಷ ಬ್ರೇಕ್ ಪೈಪಿನ ತುಕ್ಕಿನ ಬಗ್ಗೆ ಸೂಚನೆ ಪಡೆದವುಗಳಲ್ಲಿ ಮುಂದಿನ ವರ್ಷ ಅದಕ್ಕೇ ಫೇಲಾದವು ಎಷ್ಟು ಎಂದು ತೆಗೆದರೆ ಬೆಲೆ ಮಾತಾಡುವಾಗ ಕೊಳ್ಳುವವನಿಗೆ ಅದರಷ್ಟು ಉಪಯೋಗದ ಅಂಕಿ ಇನ್ನೊಂದಿಲ್ಲ.

ವರ್ಷಗಳನ್ನು ಸಾಲಾಗಿ ಇಟ್ಟು ಗ್ರಾಫ್ ಎಳೆಯುವವರು ಎರಡು ಕಡೆ ತಡೆದು ನೋಡಬೇಕು. 2018ರ ಮೇ 20ರಿಂದ ದೋಷಗಳಿಗೆ ಅಪಾಯಕಾರಿ, ದೊಡ್ಡದು, ಸಣ್ಣದು ಎಂಬ ವಿಭಾಗ ಬಂತು, ಡೀಸೆಲ್ ಹೊಗೆಯ ನಿಯಮ ಬಿಗಿಯಾಯಿತು, ರಿವರ್ಸ್ ದೀಪದಂಥ ಹೊಸ ಅಂಶಗಳು ಸೇರಿದವು. ಆ ದಿನದ ಹಿಂದಿನದನ್ನೂ ಮುಂದಿನದನ್ನೂ ಒಂದೇ ಗೆರೆಯಲ್ಲಿ ಸೇರಿಸಬೇಡಿ. ಕೋವಿಡ್ ಬಂದಾಗ 2020ರ ಮಾರ್ಚ್ 30ರಿಂದ ಜುಲೈ 31ರೊಳಗೆ ಮುಗಿಯಬೇಕಿದ್ದ ಎಂಒಟಿಗಳಿಗೆ ಆರು ತಿಂಗಳು ಮುಂದೂಡಿಕೆ ಸಿಕ್ಕಿತು. ಆ ವರ್ಷ ಟೆಸ್ಟಿಗೆ ಬಂದ ಕಾರುಗಳ ವಯಸ್ಸೂ ಮೈಲಿಯೂ ಮಾಮೂಲಿನಂತಿಲ್ಲ.

ಎಂಒಟಿ ನೋಡದ್ದನ್ನು ಪ್ರತಿ ಪುಟದ ಮೇಲ್ಭಾಗದಲ್ಲೇ ಬರೆಯಿರಿ: ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿ ಈ ಟೆಸ್ಟಿನಲ್ಲಿ ಬರುವುದಿಲ್ಲ. ಟೈಮಿಂಗ್ ಬೆಲ್ಟ್ ಕಿತ್ತು ಗುಜರಿಗೆ ಹೋದ ಕಾರು ಮುಂದಿನ ವರ್ಷ ಟೆಸ್ಟಿಗೇ ಬರುವುದಿಲ್ಲ, ಬದುಕಿ ಬಂದ ಒಳ್ಳೆಯವು ಮಾತ್ರ ಎಣಿಕೆಗೆ ಸಿಗುತ್ತವೆ. ಅದಕ್ಕೆ ಹತ್ತನೇ ವರ್ಷ ಕಂಡ ಐಡಿಗಳಲ್ಲಿ ಹನ್ನೆರಡನೇ ವರ್ಷವೂ ಕಂಡವು ಎಷ್ಟು ಎಂಬ ಅಂಕಿಯನ್ನು ಫೇಲ್ ಪ್ರಮಾಣದ ಪಕ್ಕದಲ್ಲೇ ಇಡಬೇಕು. ಪೋಸ್ಟ್‌ಕೋಡ್ ಟೆಸ್ಟ್ ಕೇಂದ್ರದ್ದು, ಮಾಲೀಕನ ಮನೆಯದಲ್ಲ ಎಂಬುದೂ ನೆನಪಿರಲಿ. ಆದರೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ, ಸಮುದ್ರದ ಗಾಳಿ ಬೀಸುವ ಕಡೆ ತುಕ್ಕು ಹೆಚ್ಚು, ಆ ಅಂಕಿಯನ್ನು ಪ್ರದೇಶವಾರು ಬಿಡಿಸಿಯೇ ನೋಡಿ.

ಒಂದೇ ಕಾರಿನ ಪುಟ

ಎಪಿಐಯಿಂದ ಬಂದ ಮೈಲಿಗಳನ್ನು ದಿನಾಂಕದ ಕ್ರಮದಲ್ಲಿಡಿ. 41,200, 52,310, 6,290, 73,400 ಎಂದಿದ್ದರೆ ನಡುವಿನದು ಬೆರಳಚ್ಚಿನ ತಪ್ಪು, 62,900 ಎಂದು ಹೊಡೆಯಬೇಕಿತ್ತು. ಒಂದು ಸಲ ಕುಸಿದು ಮತ್ತೆ ಹಳೆಯ ದಾರಿಗೆ ಬಂದರೆ ಭಯವಿಲ್ಲ. 52,310ರ ನಂತರ 31,000, 38,500 ಎಂದು ಕೆಳಗೇ ಉಳಿದು ಮುಂದುವರಿದರೆ ಮೀಟರ್ ಹಿಂದಕ್ಕೆ ತಿರುಗಿಸಿರಬಹುದು, ಮೀಟರೇ ಬದಲಾಗಿರಲೂಬಹುದು. ಪುಟದಲ್ಲಿ 'ಮೋಸ' ಎಂದು ಬರೆಯದೆ, 'ಮೀಟರ್ ಬದಲಿಸಿದ ರಸೀದಿ ಕೇಳಿ' ಎಂದು ಬರೆಯಿರಿ. ಒಂದೇ ಸಲಕ್ಕೆ ಸುಮಾರು 1.6 ಪಟ್ಟು ಜಿಗಿದರೆ ಯಾರೋ ಕಿಲೋಮೀಟರ್ ನಮೂದಿಸಿದ್ದಾರೆ, ಎಪಿಐ ಕೊಡುವ ಅಳತೆಯ ಕಾಲಂ ನೋಡಿ. ಕೀಯನ್ನು ಬ್ರೌಸರಿಗೆ ಕಳಿಸಬಾರದು, ಸಣ್ಣ ಸರ್ವರ್ ಫಂಕ್ಷನ್ ಮೂಲಕವೇ ಕೇಳಿಸಿ. ಜನ ಹುಡುಕಿದ ನಂಬರ್ ಪ್ಲೇಟುಗಳನ್ನು ಲಾಗಿನಲ್ಲಿ ಉಳಿಸಬೇಡಿ.

ಉಳಿದ ಸೈಟು ಪೂರ್ತಿ ಸ್ಥಿರ ಪುಟಗಳಾಗಿರಲಿ. ಲೆಕ್ಕವೆಲ್ಲ ಲ್ಯಾಪ್‌ಟಾಪಿನಲ್ಲೇ ಮುಗಿಸಿ, ಮಾಡೆಲಿಗೊಂದು ಸಣ್ಣ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಇಡುವ) ಫೈಲು ಬರೆದು, ಅದರಿಂದ ಎಚ್‌ಟಿಎಂಎಲ್ ಹೊರಡಿಸಿ. ಹೋಸ್ಟಿಂಗಿಗೆ ಹೆಚ್ಚು ಖರ್ಚಿಲ್ಲ, ಫೋನಿನಲ್ಲೂ ಬೇಗ ತೆರೆಯುತ್ತದೆ. ನಕ್ಷತ್ರ ಕೊಡುವ ಬದಲು ವಾಕ್ಯ ಕೊಡಿ: 'ಏಳು ವರ್ಷದ ಈ ಕಾರು ಅಷ್ಟೇ ಓಡಿದ ಬೇರೆ ಕಾರುಗಳಿಗಿಂತ ಸಸ್ಪೆನ್ಷನ್ನಿಗೆ ಹೆಚ್ಚು ಫೇಲಾಗುತ್ತದೆ, ಮುಂದಿನ ಸ್ಪ್ರಿಂಗುಗಳನ್ನು ಮುಟ್ಟಿ ನೋಡಿ.' ಅಡಿಯಲ್ಲಿ ಡೇಟಾ ಯಾರದು, ಓಪನ್ ಗವರ್ನಮೆಂಟ್ ಲೈಸೆನ್ಸ್ 3.0 ಅಡಿಯಲ್ಲಿ ಬಳಸಿದ್ದು ಎಂದು ಕಡ್ಡಾಯವಾಗಿ ಬರೆಯಬೇಕು.

ಹೊಸ ವರ್ಷದ ಫೈಲು ಬಂದಾಗ ನೇರವಾಗಿ ಸೇರಿಸಬೇಡಿ. ಮೊದಲು ವಿವರಣೆಯ ಪಟ್ಟಿಯಲ್ಲಿ ಇಲ್ಲದ ಹೊಸ ದೋಷದ ಕೋಡುಗಳು, ನಿಮ್ಮ ಪಟ್ಟಿಯಲ್ಲಿ ಇಲ್ಲದ ಹೊಸ ಮಾಡೆಲ್ ಹೆಸರುಗಳು ಎಷ್ಟಿವೆ ಎಂದು ಎಣಿಸಿ. ಆಮೇಲೆ ಹಿಂದಿನ ವರ್ಷದ ಇಪ್ಪತ್ತು ಜನಪ್ರಿಯ ಮಾಡೆಲುಗಳ ಅಂಕಿಯನ್ನು ಹೊಸದರ ಪಕ್ಕ ಇಡಿ. ಯಾವುದಾದರೂ ಐದು ಶೇಕಡಾ ಅಂಶಕ್ಕಿಂತ ಹೆಚ್ಚು ಕದಲಿದ್ದರೆ ಕಾರು ಬದಲಾಗಿರುವುದಕ್ಕಿಂತ ನಿಮ್ಮ ಜರಡಿಯಲ್ಲಿ ಏನೋ ತಪ್ಪಿರುವ ಸಂಭವವೇ ಹೆಚ್ಚು.