ಸ್ಟೌಟ್ ಬಿಯರ್ ನನ್ನ ನಾಲಿಗೆಗೆ ಹತ್ತಿದ್ದು ಹೀಗೆ

ಡಬ್ಲಿನ್‌ನಲ್ಲಿ ಕೆಲಸ ಮಾಡುವ ನಮ್ಮ ಕಾಕಾನ ಮಗ ಮೇ ತಿಂಗಳಲ್ಲಿ ಕಲಬುರಗಿಗೆ ಬಂದಾಗ ಗಿನ್ನೆಸ್ ಕಂಪನಿಯ ಸ್ಟೌಟ್, ಅಂದರೆ ಹುರಿದ ಬಾರ್ಲಿಯಿಂದ ಮಾಡೋ ಕಪ್ಪು ಬಿಯರ್, 4 ಡಬ್ಬಿ ತಂದಿದ್ದ. ಒಂದೊಂದು 440 ಎಂಎಲ್. ತೆರಿಗೆ ಕಟ್ಟದೆ ತರಬಹುದಾದದ್ದು 2 ಲೀಟರ್, ಹಾಗಾಗಿ ನಾಲ್ಕೇ. ಆ ನಾಲ್ಕು ಡಬ್ಬಿಯಲ್ಲೇ ನಾನು ಸ್ಟೌಟ್ ಕುಡಿಯೋದು ಕಲಿತೆ.

ಮೊದಲನೇದು ಸುಮ್ನೆ ಹಾಳಾಯಿತು. ಹೊರಗೆ 43 ಡಿಗ್ರಿ ಬಿಸಿಲು, ಅಂಗಡಿ ಮುಚ್ಚಿ ಆಗಷ್ಟೇ ಮನೆಗೆ ಬಂದಿದ್ದೆ, ಫ್ರಿಜ್ಜಿನಿಂದ ತೆಗೆದವನೇ ಡಬ್ಬಿಗೇ ಬಾಯಿ ಹಚ್ಚಿ ಗಟಗಟ ಇಳಿಸಿದೆ. ಇಷ್ಟು ವರ್ಷ ಮಾಮೂಲಿ ಬಿಯರ್ ಹಾಗೇ ಕುಡಿದು ರೂಢಿ, ಅಲ್ವಾ. ಇದು ಬೂದಿ ಕಲಸಿದ ನೀರಿನ ಹಾಗಿತ್ತು. ಗಂಟಲಿಗೆ ಚುರ್ ಅನ್ನೋ ಗ್ಯಾಸೂ ಇಲ್ಲ, ಹಿಂದಿನಿಂದ ಬರೀ ಕಹಿ.

"ಅಣ್ಣ, ಹಂಗ ಕುಡಿಯೋದಲ್ಲ ಅದು. ಗ್ಲಾಸಿಗೆ ಹಾಕ್ಕೋ, ಜರಾ ತಡಿ" ಅಂದ ತಮ್ಮ.

ಖಾಲಿ ಡಬ್ಬಿ ಅಲ್ಲಾಡಿಸಿದರೆ ಒಳಗೆ ಏನೋ ಗಡಗಡ ಅಂತಿತ್ತು. ಅದೊಂದು ಪ್ಲಾಸ್ಟಿಕ್ ಗುಂಡು, ಅದರಲ್ಲಿ ನೈಟ್ರೋಜನ್ ತುಂಬಿರುತ್ತದಂತೆ. ಡಬ್ಬಿ ತೆರೆದ ತಕ್ಷಣ ಅದು ಹೊರಗೆ ಚಿಮ್ಮಿ ಬಿಯರನ್ನೆಲ್ಲ ಕಲಕುತ್ತದೆ. ನೈಟ್ರೋಜನ್ ಹಾಕೋ ಪದ್ಧತಿಯನ್ನು 1959ರಲ್ಲಿ ಗಿನ್ನೆಸ್‌ನ ಮೈಕೆಲ್ ಆಶ್ ಅನ್ನೋ ಗಣಿತ ಬಲ್ಲವರು ರೂಪಿಸಿದರು, ಡಬ್ಬಿಯೊಳಗೆ ಇಂಥ ಪ್ಲಾಸ್ಟಿಕ್ ಸಾಧನ ಮೊದಲು ಬಂದಿದ್ದು 1988ರಲ್ಲಿ, ಗುಂಡಿನ ಆಕಾರ ಬಂದಿದ್ದು ಆಮೇಲೆ. ಇದರ ಗುಳ್ಳೆ ಬಹಳ ಸಣ್ಣದು. ನಾಲಿಗೆಗೆ ಚುಚ್ಚಲ್ಲ, ಕೆನೆ ಥರ ಹರಡುತ್ತದೆ. ಆದರೆ ಗ್ಲಾಸಿಗೆ ಸುರಿದರೇನೇ ಆ ಕೆನೆ ಕೂಡಿಬರೋದು.

ಎರಡನೇದನ್ನು ಮರುದಿನ ರಾತ್ರಿ ಮಾಳಿಗೆ ಮೇಲೆ ತೆರೆದೆವು. ಡಬ್ಬಿ ಚೆನ್ನಾಗಿ ತಣ್ಣಗಿರಬೇಕು, ಇಲ್ಲದಿದ್ದರೆ ನೊರೆ ಉಕ್ಕಿ ಕೈಮೇಲೆ ಬರುತ್ತದೆ. ಉದ್ದನೆ ಗ್ಲಾಸಿಗೆ ಸುರಿದಾಗ ಮೊದಲು ಎಲ್ಲಾ ಕಂದು ಹಾಲಿನ ಹಾಗೆ ಕಾಣಿಸಿತು. ಗ್ಲಾಸಿನ ಅಂಚಿಗೆ ಕಣ್ಣಿಟ್ಟು ನೋಡಿದರೆ ಗುಳ್ಳೆಗಳು ಮೇಲಕ್ಕಲ್ಲ, ಕೆಳಗೆ ಇಳೀತಿದ್ದವು! ನಡುವೆ ಏರಿ ಅಂಚಿನಲ್ಲಿ ಇಳಿಯೋದು ಅದು. ಎರಡು ನಿಮಿಷಕ್ಕೆ ಕೆಳಗೆ ಕಪ್ಪು, ಮೇಲೆ ಒಂದು ಬೆರಳು ದಪ್ಪ ಕೆನೆ. ಮೊಬೈಲಿನ ಬೆಳಕಿಗೆ ಹಿಡಿದರೆ ಅದು ಕಪ್ಪೂ ಅಲ್ಲ, ಅಂಚಿನಲ್ಲಿ ಮಾಣಿಕ್ಯದ ಕೆಂಪು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕೆಳಗೆ ಹೋಗಿ ಮಕ್ಕಳನ್ನು ಮೇಲೆ ಕರೆತಂದು ಮಲಗಿಸಿ ಬರೋದರಲ್ಲಿ ಹದಿನೈದು ನಿಮಿಷ ಕಳೆದಿತ್ತು, ಗ್ಲಾಸು ಅಲ್ಲೇ ಕಟ್ಟೆ ಮೇಲಿತ್ತು. ತಣ್ಣಗಿನದು ಹೋಗಿರುತ್ತದೆ, ಇನ್ನೇನು ರುಚಿ ಅಂದುಕೊಂಡೇ ಒಂದು ಗುಟುಕು ಕುಡಿದೆ. ಬೇರೆಯೇ ಬಿಯರ್ ಅದು. ಸಕ್ಕರೆ ಇಲ್ಲದ ಕಾಫಿಯ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ಇನ್ನೊಂದು ರುಚಿ, ನನಗೆ ಚೆನ್ನಾಗಿ ಗೊತ್ತಿರೋದು, ಹೆಸರು ಮಾತ್ರ ಹೊಳೀಲಿಲ್ಲ. ಮೂರನೇ ಗುಟುಕಿಗೆ ಹೊಳೆಯಿತು. ಅವ್ವ ಒಲೆ ಮೇಲೆ ಜೋಳದ ರೊಟ್ಟಿ ಮಾಡುವಾಗ ಅಂಚಿನಲ್ಲಿ ಅಲ್ಲಲ್ಲಿ ಕಪ್ಪಾಗಿ ಸೀಯುತ್ತದಲ್ಲ, ಚಿಕ್ಕಂದಿನಲ್ಲಿ ನಾವು ಅದನ್ನೇ ಮುರಿದು ಮೊದಲು ತಿನ್ನುತ್ತಿದ್ದೆವು, ಅದೇ ರುಚಿ.

ಆಗಬೇಕಾದದ್ದೇ ಅದು. ಈ ಬಿಯರಿಗೆ ಹಾಕೋ ಬಾರ್ಲಿಯಲ್ಲಿ ಒಂದು ಪಾಲನ್ನು ಮೊಳಕೆ ಬರಿಸದೆ ಹಾಗೇ ಸುಮಾರು 230 ಡಿಗ್ರಿಯಲ್ಲಿ ಹುರೀತಾರೆ. ನಾವು ಶೇಂಗಾ ಹುರಿಯುವಾಗ ಯಾವ ಹದಕ್ಕೆ ಇಳಿಸುತ್ತೇವೋ ಅಲ್ಲಿಂದ ಇನ್ನೂ ಮುಂದೆ ಹೋಗಿ, ಕರಕಲಾಗೋದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿದ ಹಾಗೆ. ಬಣ್ಣ, ಕಾಫಿ ವಾಸನೆ ಎಲ್ಲಾ ಅದರದ್ದೇ. ಫ್ರಿಜ್ಜಿನ ತಂಪಿಗೆ ನಾಲಿಗೆ ಮರಗಟ್ಟುತ್ತದೆ, ವಾಸನೆ ಮೇಲೆ ಏಳಲ್ಲ, ಉಳಿಯೋದು ಕಹಿ ಮಾತ್ರ. ಹಾಗಾಗಿ ತಣ್ಣಗಿದ್ದಾಗ ಸುರಿದು, ಆಮೇಲೆ ಕಾಯೋದು. ನಮ್ಮ ಬೇಸಿಗೆಯಲ್ಲಿ ಹತ್ತು ನಿಮಿಷ ಸಾಕು.

ಮೂರನೇ ಡಬ್ಬಿಗೆ ಊಟ ಇಟ್ಟುಕೊಂಡು ಕೂತೆ. ಕೆಂಪು ಖಾರದ ಚಟ್ನಿ ಬೇಡವೇ ಬೇಡ, ಖಾರಕ್ಕೆ ಈ ಕಹಿ ಕೂಡಿದರೆ ಬಾಯಿ ಉರಿಯುತ್ತದೆ. ಖಡಕ್ ರೊಟ್ಟಿಗೆ ಬೆಣ್ಣೆ ಹಚ್ಚಿ ತಿಂದೆ, ಬಹಳ ಒಪ್ಪಿತು. ಮಟನ್ ತಹರಿಯೂ ಪರವಾಗಿಲ್ಲ. ಆದರೆ ನಿಜವಾದ ಜೋಡಿ ಸಿಕ್ಕಿದ್ದು ನಾಲ್ಕನೇ ಡಬ್ಬಿಗೆ, ಶೇಂಗಾ ಹೋಳಿಗೆ. ಹುರಿದ ಶೇಂಗಾ, ಬೆಲ್ಲ, ಮೇಲೆ ಒಂದು ಗುಟುಕು ಸ್ಟೌಟ್. ಬೆಲ್ಲದ ಸಿಹಿ ಇದ್ದಲ್ಲೇ ನಿಂತು, ಕಹಿ ಮೆಲ್ಲಗೆ ಕರಗಿತು. ತಮ್ಮನೂ ಮಾತು ನಿಲ್ಲಿಸಿ ಇನ್ನೊಂದು ಹೋಳಿಗೆಗೆ ಕೈ ಹಾಕಿದ.

ನನ್ನ ಗೆಳೆಯರು ಕಪ್ಪು ಬಣ್ಣ ನೋಡಿ ಇದು ಭಾರೀ ಸ್ಟ್ರಾಂಗ್ ಅಂದುಕೊಳ್ಳುತ್ತಾರೆ. ನಾನು ಕುಡಿದ ಡಬ್ಬಿಯಲ್ಲಿ ಆಲ್ಕೋಹಾಲ್ ಶೇ. 4.2 ಮಾತ್ರ, ನಮ್ಮ ಬಾರ್‌ಗಳ ಸ್ಟ್ರಾಂಗ್ ಬಿಯರ್ ಶೇ. 8ರ ತನಕ ಹೋಗುತ್ತದೆ. ನಶೆಗೇ ಕುಡಿಯೋರಿಗೆ ಇದು ಹಿಡಿಸಲಿಕ್ಕಿಲ್ಲ. ಕಹಿ ಜಾಸ್ತಿ ಅನ್ನಿಸಿದರೆ ಮಿಲ್ಕ್ ಸ್ಟೌಟ್‌ನಿಂದ ಶುರು ಮಾಡಿ. ಅದಕ್ಕೆ ಹಾಲಿನ ಸಕ್ಕರೆ ಹಾಕಿರುತ್ತಾರೆ, ಯೀಸ್ಟ್‌ಗೆ ಅದು ಅರಗಲ್ಲ, ಹಾಗಾಗಿ ಸಿಹಿ ಬಿಯರಿನಲ್ಲೇ ಉಳಿಯುತ್ತದೆ. ಬೆಂಗಳೂರಿಗೆ ಹೋದಾಗ ಒಂದು ಕಡೆ ಕುಡಿದೆ, ಚೆನ್ನಾಗಿತ್ತು, ಆದರೆ ನನಗೆ ಈಗ ಆ ಸೀದ ರುಚಿಯೇ ಬೇಕು.

ಮುಂದಿನ ಸಲ ಬರುವಾಗ ಗಿನ್ನೆಸ್‌ನದೇ ಇನ್ನೂ ಸ್ಟ್ರಾಂಗ್ ಆದ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ತಾ ಅಂತ ತಮ್ಮನಿಗೆ ಹೇಳಿದ್ದೇನೆ, ಶೇ. 7.5ರದ್ದು. ಅದನ್ನು ಗ್ಲಾಸಿನಲ್ಲಿ ಎಷ್ಟು ಹೊತ್ತು ಬಿಡಬೇಕು ಅಂತ ನೋಡಬೇಕು. ಹೋಳಿಗೆ ಮಾತ್ರ ಆ ದಿನವೇ ಮಾಡಿದ್ದಿರಬೇಕು.