ವಂತಿಗೆ ಬಿಟ್ಟು ಅಡಿಕೆ ಕೇಳಿದೆ, ರಂಗಮಂದಿರ ಉಳಿಯಿತು

ಮೂರು ವರ್ಷದಿಂದ ನಮ್ಮೂರ ರಂಗಮಂದಿರಕ್ಕೆ ನಾನು ವಂತಿಗೆ ಕೇಳಿಲ್ಲ. ಅಡಿಕೆ ಕೇಳುತ್ತೇನೆ. ಮನೆಗೆ ಎರಡು ಕಿಲೋ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಬದಲಿಗೆ ವರ್ಷಪೂರ್ತಿ ಒಂದು ಕುರ್ಚಿ. ಸಭೆಯಲ್ಲಿ ಇದನ್ನು ಮೊದಲು ಹೇಳಿದಾಗ ನಮ್ಮ ಖಜಾಂಚಿ ಭಾವ ಹೊರಗೆ ಹೋಗಿ ಕವಳ ಉಗಿದು ಬಂದು, ‘ಇದು ಆಪ್ದಲ್ಲ ಹೋಪ್ದಲ್ಲ’ ಅಂದರು. ಈಗ ತಕ್ಕಡಿ ಹಿಡಿಯುವವರು ಅವರೇ.

ಮಂದಿರ ಅಂದರೆ ದೊಡ್ಡದೇನಲ್ಲ. ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಹಳೇ ಗೋದಾಮು, ಮೇಲೆ ತಗಡು, 180 ಕುರ್ಚಿ.

ಮೊದಲು ಮಾಡಿದ್ದೆಲ್ಲ ಕೆಟ್ಟಿತು. ರಸೀದಿ ಪುಸ್ತಕ ಹಿಡಿದು ತಿರುಗಿದೆವು. ಬರೆಸಿದವರ ಲೆಕ್ಕ ಸುಮಾರು 1.25 ಲಕ್ಷ, ಕೈಗೆ ಬಂದದ್ದು 45 ಸಾವಿರ ಇರಬಹುದು. ನೂರು ರೂಪಾಯಿ ಟಿಕೆಟ್ ಇಟ್ಟೆವು, 60 ಜನ ಬಂದರು, ಅದರಲ್ಲಿ ಅರ್ಧ ನಮ್ಮ ನಟರ ನೆಂಟರು. ಆಮೇಲೆ ಪೇಟೆಯ ಒಬ್ಬ ವ್ಯಾಪಾರಿ 50 ಸಾವಿರ ಕೊಡ್ತೇನೆ ಅಂದ. ನಾಟಕದ ದಿನ ಅವನ ಬ್ಯಾನರ್ ಬಂತು, ದುಡ್ಡು ಇವತ್ತಿಗೂ ಬಂದಿಲ್ಲ.

ಆಗ ಹೊಳೆದದ್ದು ಇಷ್ಟೇ. ದುಡ್ಡು ಬ್ಯಾಂಕಿಗೆ ಹೋದಮೇಲೆ ಕೇಳಿದರೆ ಯಾರೂ ಬಿಚ್ಚುವುದಿಲ್ಲ. ಅಂಗಳದಲ್ಲಿ ಚಾಲಿ ಸುಲಿಯುತ್ತಾ ಕೂತಾಗ ಕೇಳಿದರೆ, ಎರಡು ಕಿಲೋ ಅಂದದ್ದಕ್ಕೆ ಎರಡೂವರೆ ಹಾಕುತ್ತಾರೆ. 140 ಮನೆಯಲ್ಲಿ ಮೊದಲ ವರ್ಷ 90 ಮನೆ ಕೊಟ್ಟವು. ಕಿಲೋಗೆ 340ರ ಆಸುಪಾಸು ಸಿಕ್ಕಿತು ಅಂತ ನೆನಪು, ಒಟ್ಟು 55 ಸಾವಿರ ಚಿಲ್ಲರೆ. ಇನ್ನೂ ಜಾಸ್ತಿ ಆಗಬೇಕಿತ್ತು, ಆದರೆ ಕೆಲವರು ಚಾಲಿ ಅಂತ ಹೇಳಿ ಕೋಕಾ, ಅಂದರೆ ಕಡಿಮೆ ಬೆಲೆಯ ಕಳಪೆ ಅಡಿಕೆ, ತುಂಬಿ ಕೊಟ್ಟಿದ್ದರು. ನಾನು ಜಗಳ ಆಡಲಿಲ್ಲ. ಬಾಗಿಲ ಹತ್ತಿರದ ಬೋರ್ಡಿನಲ್ಲಿ ಮನೆಯ ಹೆಸರು, ತೂಕ, ಪಕ್ಕದಲ್ಲಿ ಯಾವ ನಮೂನೆ ಅಡಿಕೆ ಅಂತಲೂ ಬರೆಸಿದೆ. ಮುಂದಿನ ವರ್ಷ ಒಂದು ಕೋಕಾ ಬರಲಿಲ್ಲ! ಹೋದ ವರ್ಷ 120 ಮನೆ, 85 ಸಾವಿರದ ಹತ್ತಿರ. ಮೊದಲು ಯಾರ ಮನೆ ಮೆಟ್ಟಿಲು ಹತ್ತಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಪಕ್ಕದೂರಿನವರೂ ಇದನ್ನು ಓದುತ್ತಾರೆ.

ತೋಟ ಇಲ್ಲದ ಮನೆಯವರಿಗೆ ಒಂದು ದಿನದ ಕೆಲಸ ಅಂತ ಇಟ್ಟೆವು. ನಾನು ಎಡವಿದ್ದು ಅಲ್ಲೇ. ಮೊದಲ ಸಲ ಅವರ ಹೆಸರು ಬೋರ್ಡಿಗೆ ಹಾಕಿರಲಿಲ್ಲ. ತಗಡು ಹೊಚ್ಚಿದವರು ಅವರು, ವೇದಿಕೆಗೆ ಮಣ್ಣು ಹೊತ್ತವರು ಅವರು. ಒಬ್ಬ ಅಕ್ಕ ಮುಖಕ್ಕೇ ಕೇಳಿದಳು, ‘ನಮ್ಮ ಬೆವರಿಗೆ ತೂಕ ಇಲ್ವಾ?’ ಅವತ್ತೇ ರಾತ್ರಿ ಬರೆಸಿದೆ.

ಮಧ್ಯೆ ಒಂದು ಹುಚ್ಚು ಪ್ರಯೋಗ. ಗೋಡೆಯಿಂದ ದನಿ ತಿರುಗಿ ಬರ್ತದೆ ಅಂತ ಅಡಿಕೆ ಹಾಳೆ ಹೊಡೆಸಿದೆ. ಬೇಸಿಗೆಯಲ್ಲಿ ಬಲು ಚೆನ್ನಾಗಿತ್ತು. ಜುಲೈ ಹೊತ್ತಿಗೆ ಬೂಷ್ಟು ಹಿಡಿದು ಸಭಾಂಗಣವೆಲ್ಲ ಮುಗ್ಗಲು ವಾಸನೆ. ಈಗ ಗೋಣಿಚೀಲ ನೇತುಹಾಕಿದ್ದೇವೆ, ಪರವಾಗಿಲ್ಲ. ತಗಡಿನ ಮೇಲೆ ಮಳೆ ಬಿದ್ದರೆ ಮಾತ್ರ ಏನೂ ಮಾಡಲಾಗದು, ಮಳೆ ನಿಲ್ಲುವವರೆಗೆ ನಟರು ನಿಂತಲ್ಲೇ ನಿಲ್ಲುತ್ತಾರೆ.

ಯಕ್ಷಗಾನ ಇದೆಯಲ್ಲ, ಇದೊಂದು ಯಾಕೆ ಅಂತ ಕೇಳುವವರು ಈಗಲೂ ಇದ್ದಾರೆ. ಅಲ್ಲ ಮಾರಾಯ್ರೇ, ಮಕ್ಕಳು ಭಾನುವಾರ ಯಕ್ಷಗಾನದ ಹೆಜ್ಜೆ ಕಲಿಯುವುದು, ಹೆಂಗಸರ ತಾಳಮದ್ದಲೆ ನಡೆಯುವುದು ಇದೇ ವೇದಿಕೆಯ ಮೇಲೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಹೋದಾಗ ಟಿಕೆಟ್ ತೆಗೆದು ಕಂಪನಿ ನಾಟಕ ನೋಡುತ್ತೀರಿ, ಉಳಿದ ದಿನ? ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1985ರಿಂದ ಊರೂರಿಗೆ ನಾಟಕದ ತಿರುಗಾಟ ಮಾಡುತ್ತಿದೆ, ಆದರೆ ಅಂಥ ತಂಡವನ್ನು ಕರೆಸಬೇಕಾದರೆ ಆಡಲು ಜಾಗ, ಮಲಗಲು ಜಾಗ, ಊಟ ಎಲ್ಲ ಬೇಕಲ್ವಾ. ಶಾಲೆ ಮೈದಾನದಲ್ಲಿ ಚಪ್ಪರ, ಬಾಡಿಗೆ ಲೈಟು, ಮೈಕು ಅಂದರೆ ರಾತ್ರಿಗೆ 18-20 ಸಾವಿರ ಹೋಗುತ್ತಿತ್ತು. ಸ್ವಂತ ಜಾಗದಲ್ಲಿ 4 ಸಾವಿರದೊಳಗೆ ಮುಗಿಯುತ್ತದೆ. ಉಳಿದದ್ದು ತಂಡಕ್ಕೆ.

ಈ ಸಲ ಕೊಳೆ ರೋಗ ಬಂದು ಎಷ್ಟೋ ತೋಟದ ಬೆಳೆ ನೆಲಕ್ಕೆ ಬಿತ್ತು. ಒಂದೇ ಕಿಲೋ ಸಾಕು ಅಂತ ಹೇಳಿಕೊಂಡು ಬಂದೆ. ಒಬ್ಬರು ಅಂಗಳದಿಂದಲೇ ಕೂಗಿ ಕೇಳಿದರು, ‘ಹಾಗಾದ್ರೆ ಈ ವರ್ಷ ಅರ್ಧ ಕುರ್ಚೀಲಿ ಕೂರ್ಬೇಕಾ?’